ಗ್ಯಾಸ್ಟ್ರಿಕ್ ಗುಳಿಗೆ: ಯಾಕೆ, ಹೇಗೆ, ಎಲ್ಲಿಯವರೆಗೆ

(ದಾವಣಗೆರೆಯಲ್ಲಿ ಹಿರಿಯರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಎರಡು ಸಲ ಹೇಳಿದ ಕಡೆ ಒಂದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಗೊರಗೊರ ಅನ್ನುತ್ತಿದೆ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತ ಫಾರ್ಮಸಿಸ್ಟ್. ಡಾಕ್ಟರ ಎದುರು ಕೂತಾಗ ಜನ ಕಾಯಿಲೆ ಹೇಳಿಕೊಳ್ಳುತ್ತಾರೆ. ನಮ್ಮ ಎದುರು ನಿಂತಾಗ ಗುಳಿಗೆಯ ಹೆಸರು ಹೇಳುತ್ತಾರೆ. ಅದರಲ್ಲೂ ಬೆಳಿಗ್ಗೆ ಅಂಗಡಿ ಬಾಗಿಲು ಅರ್ಧ ಎತ್ತಿರುವಾಗಲೇ ಬಗ್ಗಿ ಕೇಳುವ ಮಾತು ಒಂದಿದೆ: “ಅಣ್ಣಾ, ಒಂದೆರಡು ಗ್ಯಾಸ್ಟ್ರಿಕ್ ಗುಳಿಗಿ ಕೊಡ್ರಿ.”

ಕೊಡುತ್ತಿದ್ದೆ. ಈ ಗುಳಿಗೆಯ ಶೀಟಿನ ಮೇಲೆ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಕೆಂಪು ಗೆರೆಯ ಪಕ್ಕ ಅಚ್ಚಾಗಿರುತ್ತದೆ. ಅದನ್ನು ಓದಿ, ಓದಿಲ್ಲದವನಂತೆ ಕೊಡುತ್ತಿದ್ದೆ. ಕತ್ತರಿಯಲ್ಲಿ ಶೀಟಿನಿಂದ ಎರಡು ಗುಳಿಗೆ ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ, ಎಂಟೋ ಹತ್ತೋ ಚಿಲ್ಲರೆ ವಾಪಸ್. ಕತ್ತರಿಸಿದ ತುಂಡಿನ ಹಿಂದೆ ಹೆಸರಿನ ಕೊನೆಯ ಎರಡು ಅಕ್ಷರ ಉಳಿದಿರುತ್ತಿತ್ತು, ಎಕ್ಸ್‌ಪೈರಿ ದಿನಾಂಕ ನನ್ನ ಕೈಯಲ್ಲಿರುವ ತುಂಡಿನಲ್ಲೇ ಉಳಿದುಬಿಡುತ್ತಿತ್ತು. ಹೀಗೆ ಒಯ್ದವರಲ್ಲಿ ಎಷ್ಟು ಜನ ಇವತ್ತಿಗೂ ಅದೇ ಗುಳಿಗೆಯನ್ನು ದಿನಾ ಬೆಳಿಗ್ಗೆ ಹಲ್ಲುಜ್ಜಿದಷ್ಟೇ ಸಹಜವಾಗಿ ನುಂಗುತ್ತಿದ್ದಾರೋ. ಶುರು ಮಾಡಿದ ದಿನ ಅವರಿಗೆ ನೆನಪಿದೆ. ನಿಲ್ಲಿಸುವ ದಿನವನ್ನು ಯಾರೂ ಬರೆದುಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ. ಇವತ್ತು ಮಾತಾಡಲು ಒಪ್ಪಿಕೊಂಡಿದ್ದಕ್ಕೆ ಕಾರಣ ಅದೇ.

ಮೊದಲು ಈ ‘ಗ್ಯಾಸ್ಟ್ರಿಕ್’ ಅನ್ನುವ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಜಠರಕ್ಕೆ ಸಂಬಂಧಿಸಿದ್ದು ಅಂತ ಅರ್ಥ, ಅಷ್ಟೇ. ಅದು ಕಾಯಿಲೆಯ ಹೆಸರಲ್ಲ. ನಮ್ಮ ಬಾಯಲ್ಲಿ ಮಾತ್ರ ಎದೆಯುರಿಯೂ ಗ್ಯಾಸ್ಟ್ರಿಕ್, ಹುಳಿತೇಗೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರವೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ತಲೆ ಸಿಡಿದರೂ ಅದೇ. ಕನ್ನಡದಲ್ಲಿ ಹೊಟ್ಟೆಯುರಿ ಅನ್ನೋಣ ಅಂದರೆ ಅದು ಪಕ್ಕದ ಮನೆಯವರು ಹೊಸ ಕಾರು ತಂದಾಗ ಬರುವುದು, ಅದಕ್ಕೆ ನಮ್ಮ ಅಂಗಡಿಯಲ್ಲಿ ಔಷಧಿ ಇರಲಿಲ್ಲ. ಇರಲಿ. ನಾನು ಹೇಳಿದ ಆ ಪಟ್ಟಿಯಲ್ಲಿ ಆಮ್ಲ ತಗ್ಗಿಸುವ ಔಷಧಿಗೆ ನಿಜವಾಗಿ ಬಗ್ಗುವುದು ಮೊದಲಿನ ಎರಡು. ಹೊಟ್ಟೆ ಉಬ್ಬರ ಗಾಳಿಯದ್ದು. ಆಮ್ಲದ ಗುಳಿಗೆ ಗಾಳಿಯನ್ನು ಏನೂ ಮಾಡುವುದಿಲ್ಲ.

ಇನ್ನು ‘ನನಗೆ ಆಸಿಡ್ ಜಾಸ್ತಿ’ ಅನ್ನುವ ಮಾತು. ಜಠರದಲ್ಲಿ ಆಮ್ಲ ಇರಲೇಬೇಕು. ದಿನಕ್ಕೆ ಸುಮಾರು ಒಂದೂವರೆ ಎರಡು ಲೀಟರ್ ಜಠರರಸ ಊರುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಇದನ್ನು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ತೋರಿಸಿಕೊಟ್ಟರು. ಅದೇ ಕಾಲಕ್ಕೆ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಅಕಸ್ಮಾತ್ ಗುಂಡು ತಗುಲಿ ಹೊಟ್ಟೆಯಲ್ಲಿ ತೂತಾಯಿತು. ಬದುಕಿಕೊಂಡ, ಆದರೆ ತೂತು ಮುಚ್ಚಲಿಲ್ಲ. ಚಿಕಿತ್ಸೆ ಕೊಟ್ಟ ಸೈನ್ಯದ ಡಾಕ್ಟರ್ ವಿಲಿಯಂ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ಚೂರು, ಬ್ರೆಡ್ಡು, ಎಲೆಕೋಸು ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಅಂತ ನೋಡುತ್ತಿದ್ದರು. ಪಾಪ, ಆ ಮನುಷ್ಯನ ಕಷ್ಟ ಯಾರಿಗೆ ಬೇಕು. ಆದರೆ ಜಠರ ಹೇಗೆ ಅಡುಗೆ ಮಾಡುತ್ತದೆ ಅನ್ನುವುದನ್ನು ಮನುಷ್ಯರು ಕಣ್ಣಾರೆ ಕಂಡದ್ದು ಹಾಗೆ. ಬ್ಯೂಮಾಂಟ್ ಅದನ್ನೆಲ್ಲ 1833ರಲ್ಲಿ ಪುಸ್ತಕ ಮಾಡಿದರು.

ಈ ಆಮ್ಲ ಪ್ರೋಟೀನ್ ಜೀರ್ಣವಾಗಲು ನೆರವಾಗುತ್ತದೆ. ಊಟದ ಜೊತೆ ಬರುವ ಕ್ರಿಮಿಗಳನ್ನು ಕೊಲ್ಲುತ್ತದೆ. ಕಬ್ಬಿಣಾಂಶ ಮತ್ತು ಬಿ12 ವಿಟಮಿನ್ ಮೈಗೆ ಹತ್ತಲು ದಾರಿ ಮಾಡಿಕೊಡುತ್ತದೆ. ಜಠರದ ಒಳಗೋಡೆಗೆ ಲೋಳೆಯ ಲೇಪ ಇರುವುದರಿಂದ ಅದು ಸುಡುವುದಿಲ್ಲ. ಅನ್ನನಾಳಕ್ಕೆ ಆ ಲೇಪ ಇಲ್ಲ. ನಡುವಿನ ಬಿಗಿ ಸಡಿಲಾಗಿ ಆಮ್ಲ ಮೇಲೆ ಚಿಮ್ಮಿದರೆ ಎದೆಯುರಿ. ಅಂದರೆ ಎದೆಯುರಿ ಇರುವ ಎಷ್ಟೋ ಜನರಲ್ಲಿ ಆಮ್ಲ ಜಾಸ್ತಿಯಾಗಿರುವುದಿಲ್ಲ, ಇರಬಾರದ ಜಾಗಕ್ಕೆ ಬಂದಿರುತ್ತದೆ. ರಾತ್ರಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಮಲಗುವವರು ಇದನ್ನು ಸ್ವಲ್ಪ ಯೋಚಿಸಿ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಿ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಅಡಿ ಆರೆಂಟು ಇಂಚು ಎತ್ತರಕ್ಕೆ ಇಟ್ಟಿಗೆ ಕೊಡಿ. ದಿಂಬು ಪೇರಿಸಬೇಡಿ, ದಿಂಬು ಪೇರಿಸಿದರೆ ಕತ್ತು ಮಾತ್ರ ಬಗ್ಗಿ ಹೊಟ್ಟೆ ಇನ್ನೂ ಒತ್ತಿಕೊಳ್ಳುತ್ತದೆ. ಎಡ ಮಗ್ಗುಲಿಗೆ ಮಲಗಿ. ಹೊಟ್ಟೆ ಕರಗಿಸಿ, ಬೀಡಿ ಸಿಗರೇಟು ಬಿಡಿ ಅಂತ ಡಾಕ್ಟರು ಹೇಳಿದ್ದನ್ನು ನಾನು ಮತ್ತೆ ಹೇಳುವುದಿಲ್ಲ. ಮಿರ್ಚಿ ಮಂಡಕ್ಕಿ ಬಿಡಿ ಅಂತಲೂ ದಾವಣಗೆರೆಯಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಯಾವುದು ತಿಂದರೆ ನಿಮಗೆ ಉರಿಯುತ್ತದೋ ಅದನ್ನು ಬಿಡಿ, ಪಕ್ಕದವರಿಗೆ ಉರಿಯುವುದನ್ನಲ್ಲ.

ಔಷಧಿಗೆ ಬರೋಣ. ಇಲ್ಲಿ ಹೊಲ ಇರುವವರು ಬಹಳ ಜನ ಇದ್ದೀರಿ, ಬೋರ್‌ವೆಲ್ ಲೆಕ್ಕದಲ್ಲೇ ಹೇಳುತ್ತೇನೆ. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲ ಎತ್ತುವ ಸಣ್ಣ ಸಣ್ಣ ಮೋಟಾರುಗಳಿವೆ. ಅದನ್ನೇ ಪ್ರೋಟಾನ್ ಪಂಪ್ ಅನ್ನುತ್ತಾರೆ. ಮೋಟಾರು ಚಾಲು ಮಾಡಲು ಮೂರು ಸ್ವಿಚ್ಚು. ಒಂದು ಹಿಸ್ಟಮಿನ್, ಒಂದು ಗ್ಯಾಸ್ಟ್ರಿನ್ ಎಂಬ ಹಾರ್ಮೋನು, ಇನ್ನೊಂದು ನರದಿಂದ ಬರುವ ಅಸಿಟೈಲ್‌ಕೋಲಿನ್.

ಜೆಲುಸಿಲ್, ಡೈಜೀನ್, ಈನೋ ಇವೆಲ್ಲ ಮೋಟಾರಿನ ತಂಟೆಗೆ ಹೋಗುವುದಿಲ್ಲ. ಹೊಲದಲ್ಲಿ ನಿಂತ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದ ಹಾಗೆ. ಹುಳಿ ಬಂದ ಮಜ್ಜಿಗೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೊರೆ ಉಕ್ಕಿ ಹುಳಿ ಮುರಿಯುತ್ತದಲ್ಲ, ಹೊಟ್ಟೆಯೊಳಗೂ ಅದೇ ಕೆಲಸ. ಹತ್ತು ಹದಿನೈದು ನಿಮಿಷದಲ್ಲಿ ಹಾಯೆನಿಸುತ್ತದೆ, ಬೇಗ ಇಳಿದೂಹೋಗುತ್ತದೆ. ಯಾವಾಗಲೋ ಒಮ್ಮೆ ಬರುವ ಉರಿಗೆ ಇಷ್ಟು ಸಾಕು. ಜೆಲುಸಿಲ್, ಡೈಜೀನ್ ಇವುಗಳಲ್ಲಿರುವ ಮೆಗ್ನೀಸಿಯಂ ಕೆಲವರಿಗೆ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲ ಗಟ್ಟಿ ಮಾಡುತ್ತದೆ. ಅದಕ್ಕೇ ಎರಡನ್ನೂ ಬೆರೆಸಿರುತ್ತಾರೆ. ಕಿಡ್ನಿ ತೊಂದರೆ ಇದ್ದವರು ಎರಡನ್ನೂ ಕೇಳದೆ ಕುಡಿಯಬಾರದು. ಈನೋದಲ್ಲಿ ಸೋಡಿಯಂ ಇದೆ, ಬಿಪಿ ಇದ್ದವರು, ಹೃದಯ ಸೋತವರು ದಿನಾ ಕುಡಿಯುವಂಥದ್ದಲ್ಲ. ಅಂಗಡಿಯಲ್ಲಿ ನಾನು ಮರೆಯದೆ ಹೇಳುತ್ತಿದ್ದ ಒಂದೇ ಮಾತು: ಈ ನೀರೌಷಧಿಗೂ ಬೇರೆ ಗುಳಿಗೆಗೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಗುಳಿಗೆ, ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಇವೆಲ್ಲ ಇದರ ಜೊತೆ ಹೊಟ್ಟೆಗಿಳಿದರೆ ಅಲ್ಲೇ ಕಚ್ಚಿಕೊಂಡು ಮೈಗೆ ಹತ್ತುವುದೇ ಇಲ್ಲ.

ಎರಡನೆಯ ಮನೆತನ ಒಂದು ಸ್ವಿಚ್ಚು ಆರಿಸುವುದು, ಹಿಸ್ಟಮಿನ್ನಿನದ್ದು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ತಂಡದ ಸಿಮೆಟಿಡಿನ್ 1976ರಲ್ಲಿ ಬಂತು. ಅಲ್ಲಿಯವರೆಗೆ ಅಲ್ಸರ್, ಅಂದರೆ ಹೊಟ್ಟೆಯ ಹುಣ್ಣು, ಜೋರಾದರೆ ಆಪರೇಷನ್. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿಸಿಕೊಂಡವರು ಪ್ರತಿ ಬೀದಿಯಲ್ಲೂ ಇರುತ್ತಿದ್ದರು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಆಮೇಲೆ ಬಂದ ರ‍್ಯಾನಿಟಿಡಿನ್ ನಮ್ಮ ಮನೆಮನೆಯ ಗುಳಿಗೆಯಾಯಿತು. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂತು. ಅದು ದಿನ ಕಳೆದಂತೆ, ಬಿಸಿಯಲ್ಲಿಟ್ಟಷ್ಟೂ ಹೆಚ್ಚುತ್ತದೆ ಅಂತ ಗೊತ್ತಾಗಿ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದ ತೆಗೆಸಿದರು. ಭಾರತ ಸರ್ಕಾರ 2022ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು, ಮಾರಾಟ ಮಾತ್ರ ನಿಲ್ಲಿಸಲಿಲ್ಲ. ಹಿಂದೆ ನುಂಗಿದ್ದಕ್ಕೆ ಈಗ ಹೆದರಿ ನಿದ್ದೆಗೆಡಬೇಡಿ. ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಬೇಸಿಗೆ ಕಂಡ ಶೀಟು ಇದ್ದರೆ ಎಸೆದುಬಿಡಿ. ಅದೇ ಮನೆತನದ ಫ್ಯಾಮೊಟಿಡಿನ್‌ನಲ್ಲಿ ಈ ತಕರಾರು ಕಂಡಿಲ್ಲ, ಡಾಕ್ಟರನ್ನು ಅದಕ್ಕೇ ಕೇಳಬಹುದು. ಈ ಮನೆತನಕ್ಕೆ ಇನ್ನೊಂದು ಸ್ವಭಾವ ಇದೆ. ದಿನಾ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ಮೈಗೆ ಒಗ್ಗಿ ಸಪ್ಪೆಯಾಗುತ್ತದೆ. ಬೇಕಾದಾಗ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು ಮೋಟಾರನ್ನೇ ಜಾಮ್ ಮಾಡುವುದು. 1988ರಲ್ಲಿ ಬಂದ ಒಮೆಪ್ರಜೋಲ್ ಮೊದಲನೆಯದು, ಸ್ವೀಡನ್ನಿನದ್ದು. ಪ್ಯಾಂಟೊಪ್ರಜೋಲ್, ರ‍್ಯಾಬೆಪ್ರಜೋಲ್, ಈಸೊಮೆಪ್ರಜೋಲ್ ಇವೆಲ್ಲ ಅದರ ತಮ್ಮಂದಿರು. ಶೀಟಿನ ಹಿಂದಿನ ಸಣ್ಣ ಅಕ್ಷರದಲ್ಲಿ ಹೆಸರು ‘ಪ್ರಜೋಲ್’ ಅಂತ ಮುಗಿದರೆ ಇದೇ ಮನೆತನ ಅಂತ ತಿಳಿಯಿರಿ. ಯಾಕೆ ಹೇಳುತ್ತೇನೆ ಅಂದರೆ, ಮಂಡಿ ನೋವಿನ ಡಾಕ್ಟರು ಪ್ಯಾಂಟೊಪ್ರಜೋಲ್ ಬರೆದಿರುತ್ತಾರೆ, ಶುಗರ್ ಡಾಕ್ಟರು ರ‍್ಯಾಬೆಪ್ರಜೋಲ್ ಬರೆದಿರುತ್ತಾರೆ. ಬಣ್ಣ ಬೇರೆ, ಕಂಪನಿ ಬೇರೆ, ಹಾಗಾಗಿ ಬೇರೆ ಬೇರೆ ಔಷಧಿ ಅಂತ ಎರಡನ್ನೂ ನುಂಗುವವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಈ ಗುಳಿಗೆಯ ಗುಟ್ಟು ಒಂದಿದೆ, ಇವತ್ತು ಮನೆಗೆ ಒಂದೇ ಮಾತು ಒಯ್ಯುವುದಾದರೆ ಇದನ್ನು ಒಯ್ಯಿರಿ. ಅದು ಓಡುತ್ತಿರುವ ಮೋಟಾರನ್ನು ಮಾತ್ರ ಹಿಡಿಯಬಲ್ಲದು. ನಿಂತ ಮೋಟಾರನ್ನು ಅದಕ್ಕೆ ಮುಟ್ಟಲಾಗುವುದಿಲ್ಲ. ರಾತ್ರಿಯೆಲ್ಲ ಉಪವಾಸವಿದ್ದ ಹೊಟ್ಟೆಯಲ್ಲಿ ಮೋಟಾರುಗಳು ತಯಾರಾಗಿ ಕೂತಿರುತ್ತವೆ. ತಿಂಡಿ ಬಿದ್ದ ಕೂಡಲೇ ಒಟ್ಟಿಗೆ ಚಾಲು ಆಗುತ್ತವೆ. ಆ ಹೊತ್ತಿಗೆ ಗುಳಿಗೆ ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರಿ ಹಾಜರಿರಬೇಕು. ರಕ್ತದಲ್ಲಿ ಅದು ಇರುವುದೇ ಒಂದೆರಡು ಗಂಟೆ. ಹಾಗಾಗಿಯೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಅನ್ನುವುದು. ಗುಳಿಗೆ ನುಂಗಿ ಏನೂ ತಿನ್ನದೆ ಮಧ್ಯಾಹ್ನದವರೆಗೆ ಇದ್ದರೂ ದಂಡ, ದೋಸೆ ತಿಂದು ನುಂಗಿದರೂ ಅರ್ಧ ದಂಡ.

ಮದುವೆ ಊಟ ಮಾಡಿ ರಾತ್ರಿ ಎದೆ ಉರಿಯುವಾಗ ಒಂದು ಪ್ಯಾನ್ ಫಾರ್ಟಿ, ಅಂದರೆ ನಲವತ್ತು ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ನುಂಗುತ್ತೀರಲ್ಲ, ಅದು ಆ ಉರಿಗೆ ಏನೂ ಮಾಡುವುದಿಲ್ಲ. ಅರ್ಧ ಗಂಟೆಯಲ್ಲಿ ಕಡಿಮೆಯಾಯಿತು ಅಂದರೆ ತಾನೇ ಕಡಿಮೆಯಾಗುವುದಿತ್ತು. ಈ ಗುಳಿಗೆ ಪೂರ್ತಿ ಹಿಡಿತಕ್ಕೆ ಬರಲು ದಿನಾ ತೆಗೆದುಕೊಂಡರೆ ಮೂರರಿಂದ ಐದು ದಿನ ಬೇಕು. ಆ ರಾತ್ರಿಯ ಉರಿಗೆ ಜೆಲುಸಿಲ್ಲೇ ಸರಿ. ಹೊಸದಾಗಿ ವೊನೊಪ್ರಜಾನ್ ಅಂತ ಒಂದು ಬಂದಿದೆ, ಅದಕ್ಕೆ ಈ ಊಟದ ಹಂಗಿಲ್ಲ, ಬೇಗ ಹಿಡಿಯುತ್ತದೆ. ಯಾರಿಗೆ ಬೇಕು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು.

ಇನ್ನೊಂದು, ಈ ಗುಳಿಗೆಯನ್ನು ಜಗಿಯಬೇಡಿ, ಅರೆಯಬೇಡಿ. ಆಮ್ಲ ನಿಲ್ಲಿಸುವ ಈ ಔಷಧಿ ಆಮ್ಲ ತಾಗಿದರೆ ತಾನೇ ಹಾಳಾಗುತ್ತದೆ. ಅದಕ್ಕೇ ಜಠರ ದಾಟುವವರೆಗೆ ಕರಗದ ಲೇಪ ಕೊಟ್ಟಿರುತ್ತಾರೆ. ನುಂಗಲಾಗದ ವಯಸ್ಸಾದವರಿಗೆ ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಡುವ ಮಕ್ಕಳು ಪ್ರೀತಿಯಿಂದಲೇ ಕೊಡುತ್ತಾರೆ, ಔಷಧಿ ಮಾತ್ರ ಒಳಗೆ ಹೋಗಿರುವುದಿಲ್ಲ. ಅಂಥವರಿಗೆ ಬೇರೆ ರೂಪದಲ್ಲಿ ಸಿಗುತ್ತದೆ, ಕೇಳಿ.

ಹೆಸರಿನ ಮುಂದೆ ‘ಡಿ’ ಇದೆಯೇ ನೋಡಿ. ಡಿ ಅಂದರೆ ಡೊಂಪೆರಿಡೋನ್, ವಾಂತಿ ತಡೆಯುವ ಔಷಧಿ. ಪ್ಯಾಂಟೊಪ್ರಜೋಲ್ ಜೊತೆ ಸೇರಿಸಿದ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 30 ಮಿಲಿಗ್ರಾಂ ಇರುತ್ತದೆ. ಇದು ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು. ಹಾಗಾಗಿ ಯುರೋಪಿನ ಔಷಧಿ ನಿಯಂತ್ರಕರು 2014ರಲ್ಲಿ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ ಕೊಡಬೇಕು ಅಂದರು. ನಮ್ಮಲ್ಲಿ ವಾಂತಿಯೇ ಇಲ್ಲದವರು ವರ್ಷಗಟ್ಟಲೆ ಇದನ್ನು ನುಂಗುತ್ತಾರೆ. ‘ಸಾದಾದ್ದಕ್ಕಿಂತ ಡಿ ಸ್ಟ್ರಾಂಗು’ ಅಂತ ಅಂಗಡಿಯಲ್ಲಿ ಕೇಳಿ ಒಯ್ಯುತ್ತಾರೆ. ಹೃದಯದ ಕಾಯಿಲೆ ಇದ್ದವರು, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್‌ನಂಥ ಸೋಂಕಿನ ಔಷಧಿ ಶುರುವಾದವರು ಈ ಡಿ ಬಗ್ಗೆ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಬೇಕು.

ಈಗ ಎಲ್ಲಿಯವರೆಗೆ ಅನ್ನುವ ಪ್ರಶ್ನೆ. ಎದೆಯುರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಆಮೇಲೆ ಬೇಕೋ ಬೇಡವೋ ಅಂತ ಡಾಕ್ಟರು ನೋಡಬೇಕು. ಆದರೆ ನಡೆಯುವುದೇನು? ಮೂರು ತಿಂಗಳು ನುಂಗಿದವರು ಒಂದು ದಿನ ನಿಲ್ಲಿಸುತ್ತಾರೆ. ಒಂದೆರಡು ವಾರದೊಳಗೆ ಮೊದಲಿಗಿಂತ ಜೋರಾಗಿ ಉರಿ. “ನೋಡಿದ್ರಾ, ಗುಳಿಗಿ ಬಿಟ್ರ ಆಗಂಗಿಲ್ಲ” ಅಂತ ಮತ್ತೆ ಅಂಗಡಿಗೆ. ಇದರ ಒಳಮರ್ಮ ಇಷ್ಟು: ಆಮ್ಲ ಇಲ್ಲ ಅಂತ ಗೊತ್ತಾದ ದೇಹ ಗ್ಯಾಸ್ಟ್ರಿನ್ ಸ್ವಿಚ್ಚನ್ನು ಒತ್ತಿ ಒತ್ತಿ ಹೊಸ ಮೋಟಾರುಗಳನ್ನೂ ಕಟ್ಟಿರುತ್ತದೆ. ಗುಳಿಗೆ ನಿಂತಿತೋ, ಎಲ್ಲ ಒಟ್ಟಿಗೆ ಚಾಲು. 2009ರಲ್ಲಿ ಡೆನ್ಮಾರ್ಕಿನವರು ಇದನ್ನು ಪರೀಕ್ಷಿಸಿದರು. ಹೊಟ್ಟೆಯ ಯಾವ ತೊಂದರೆಯೂ ಇಲ್ಲದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರ ಈಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು, ಉಳಿದವರಿಗೆ ಔಷಧಿಯೇ ಇಲ್ಲದ ಬರೀ ಸಪ್ಪೆ ಗುಳಿಗೆ. ನಿಲ್ಲಿಸಿದ ನಂತರದ ನಾಲ್ಕು ವಾರದಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 44 ಜನರಿಗೆ ಉರಿ, ಹುಳಿತೇಗಿನಂಥ ತೊಂದರೆ ಬಂತು, ಸಪ್ಪೆ ಗುಳಿಗೆಯವರಲ್ಲಿ 15 ಜನರಿಗೆ. ಆರೋಗ್ಯವಂತರಲ್ಲಿ! ಅಂದರೆ ನಿಲ್ಲಿಸಿದಾಗ ಬಂದ ಉರಿ ಹಳೆಯ ಕಾಯಿಲೆಯೇ ಆಗಬೇಕಿಲ್ಲ, ಗುಳಿಗೆಯ ಬಾಲವೂ ಇರಬಹುದು. ಹಾಗಾಗಿ ನಿಲ್ಲಿಸುವುದಾದರೆ ಮೆಲ್ಲಗೆ. ನಲವತ್ತರದ್ದನ್ನು ಇಪ್ಪತ್ತಕ್ಕೆ ಇಳಿಸಿ ಎರಡು ಮೂರು ವಾರ, ಆಮೇಲೆ ದಿನ ಬಿಟ್ಟು ದಿನ, ನಡುವೆ ಉರಿದರೆ ಜೆಲುಸಿಲ್ ಅಥವಾ ಫ್ಯಾಮೊಟಿಡಿನ್. ಕೆಲವು ವಾರ ಸಹಿಸಿದರೆ ಬಹಳ ಜನರಿಗೆ ತಣ್ಣಗಾಗುತ್ತದೆ.

ಬಹಳ ವರ್ಷ ನುಂಗಿದರೆ ಏನಾಗುತ್ತದೆ? ನಮ್ಮ ಅವ್ವನ ಕಥೆ ಹೇಳುತ್ತೇನೆ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಒಂದು ಗುಳಿಗೆ, ತಂದುಕೊಡುತ್ತಿದ್ದವನು ನಾನೇ. ಶುಗರ್‌ಗೆ ಮೆಟ್‌ಫಾರ್ಮಿನ್ ಬೇರೆ. ಮನೆಯಲ್ಲಿ ಸಸ್ಯಾಹಾರ. ಒಂದು ಸಂಜೆ ಗುಡಿಯಿಂದ ಬಂದವಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಯಾವಾಗ ಜಾರಿತೋ ಗೊತ್ತೇ ಆಗ್ಲಿಲ್ಲಪ್ಪ” ಅಂದಳು. ನಾನು ನಕ್ಕೆ. ಎರಡು ತಿಂಗಳಾದ ಮೇಲೆ ಪಾದ ಜೋಮು, ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುವುದು. ರಕ್ತ ಪರೀಕ್ಷೆಯಲ್ಲಿ ಬಿ12 ನೆಲ ಕಚ್ಚಿತ್ತು. ಊಟದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡಿಸಲು ಆಮ್ಲ ಬೇಕು. ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ, ಅದೂ ಅಷ್ಟಕ್ಕಷ್ಟೆ. ಮೆಟ್‌ಫಾರ್ಮಿನ್ ಇನ್ನಷ್ಟು ತಗ್ಗಿಸುತ್ತದೆ. ಮೂರೂ ಸೇರಿದವರು ಈ ಹಾಲ್‌ನಲ್ಲೇ ಎಷ್ಟು ಜನ ಇದ್ದೀರೋ ನೋಡಿಕೊಳ್ಳಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಈ ಗುಳಿಗೆ ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚು ಅಂತ 2013ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಅವ್ವ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಬಹಳ ಸುಧಾರಿಸಿದಳು. ಎಡಗಾಲಿನ ಜೋಮು ಪೂರ್ತಿ ಹೋಗಲಿಲ್ಲ.

ಇನ್ನೂ ಕೆಲವು ಇವೆ. ಮೆಗ್ನೀಸಿಯಂ ತೀರಾ ಕಡಿಮೆಯಾಗಿ ಕೈಕಾಲು ಸೆಳೆತ, ಬಡಿತ ತಪ್ಪುವುದು. ಅಪರೂಪಕ್ಕೆ ಕಿಡ್ನಿಯಲ್ಲಿ ಉರಿಯೂತ. ವಯಸ್ಸಾದವರಲ್ಲಿ ಮೂಳೆ ಮುರಿತ. ಕರುಳಿನ ಸೋಂಕು. ಆದರೆ ವಾಟ್ಸಾಪಿನಲ್ಲಿ ಬರುವ ‘ಗ್ಯಾಸ್ ಗುಳಿಗೆಯಿಂದ ಮರೆವು, ಕಿಡ್ನಿ ಖಲಾಸ್’ ಅನ್ನುವುದನ್ನೆಲ್ಲ ನಂಬಬೇಡಿ. ಹೃದಯ ಮತ್ತು ರಕ್ತನಾಳದ ಕಾಯಿಲೆ ಇದ್ದ 17,598 ಜನರಲ್ಲಿ ಅರ್ಧ ಜನಕ್ಕೆ ಪ್ಯಾಂಟೊಪ್ರಜೋಲ್, ಅರ್ಧ ಜನಕ್ಕೆ ಸಪ್ಪೆ ಗುಳಿಗೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎದ್ದು ಕಂಡ ವ್ಯತ್ಯಾಸ ಕರುಳಿನ ಸೋಂಕು ಮಾತ್ರ, ನೂರಕ್ಕೆ 1.0 ಇದ್ದದ್ದು 1.4. ಹಾಗಾಗಿ ನನ್ನ ಲೆಕ್ಕ ಇದು: ಬೇಕಾದವರಿಗೆ ಇದು ಒಳ್ಳೆಯ, ಸಾಕಷ್ಟು ಸುರಕ್ಷಿತ ಔಷಧಿ. ಬೇಡದವರಿಗೆ ಸಣ್ಣ ಅಪಾಯವೂ ಯಾಕೆ?

ಬೇಡದ ಕಡೆಗೆ ಒಂದು ಉದಾಹರಣೆ, ಆ್ಯಂಟಿಬಯಾಟಿಕ್ ಜೊತೆ ಬರೆಯುವ ಗ್ಯಾಸ್ ಗುಳಿಗೆ. ಆ್ಯಂಟಿಬಯಾಟಿಕ್ಕಿನಿಂದ ಬರುವ ವಾಕರಿಕೆ, ಭೇದಿ ಆಮ್ಲದ್ದಲ್ಲ. ನೋವಿನ ಗುಳಿಗೆಯದು ಬೇರೆ ಮಾತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಜಠರದ ಲೇಪವನ್ನೇ ತೆಳು ಮಾಡುತ್ತವೆ. ಅರವತ್ತು ದಾಟಿದವರು ಅವನ್ನು ವಾರಗಟ್ಟಲೆ ನುಂಗುವುದಾದರೆ ಈ ಗುಳಿಗೆ ಗುರಾಣಿ.

ಅಲ್ಸರ್ ಬಗ್ಗೆ ಒಂದು ಮಾತು. ಮಸಾಲೆ, ಟೆನ್ಷನ್ ಇದೇ ಕಾರಣ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಗಟಗಟ ಕುಡಿದರು. ಕೆಲವೇ ದಿನದಲ್ಲಿ ವಾಂತಿ ಹಿಡಿಯಿತು, ಜಠರದಲ್ಲಿ ಉರಿಯೂತ ಕಂಡಿತು. ಇಬ್ಬರಿಗೂ 2005ರಲ್ಲಿ ನೊಬೆಲ್. ಹೆಲಿಕೊಬ್ಯಾಕ್ಟರ್ ಪೈಲೋರಿ ಅದರ ಹೆಸರು. ಪರೀಕ್ಷೆ ಮಾಡಿಸಿ, ಇದ್ದರೆ ಸಾಮಾನ್ಯವಾಗಿ ಹದಿನಾಲ್ಕು ದಿನ ಆ್ಯಂಟಿಬಯಾಟಿಕ್ ಮತ್ತು ಈ ಗುಳಿಗೆ ಒಟ್ಟಿಗೆ. ಉಸಿರಿನ ಅಥವಾ ಮಲದ ಪರೀಕ್ಷೆಗೆ ಎರಡು ವಾರ ಮೊದಲು ಗ್ಯಾಸ್ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿ ಪರೀಕ್ಷೆ ತಪ್ಪು ಹೇಳುತ್ತದೆ. ಇದನ್ನು ಎಷ್ಟೋ ಸಲ ರೋಗಿಗೆ ಯಾರೂ ಹೇಳಿರುವುದಿಲ್ಲ.

ಗುಳಿಗೆ ಕೇಳದೆ ನೇರ ಡಾಕ್ಟರ ಬಳಿ ಹೋಗಬೇಕಾದ ಲಕ್ಷಣಗಳಿವೆ. ನುಂಗುವಾಗ ಗಂಟಲು, ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುವುದು. ಕಾರಣವಿಲ್ಲದೆ ತೂಕ ಇಳಿಯುವುದು. ರಕ್ತ ವಾಂತಿ. ಡಾಂಬರಿನ ಹಾಗೆ ಕಪ್ಪು, ಅಂಟು ಮಲ, ಕಬ್ಬಿಣದ ಗುಳಿಗೆ ನುಂಗುವವರಲ್ಲಿ ಬರುವ ಕಪ್ಪು ಬೇರೆ. ಐವತ್ತೈದು ಅರವತ್ತರ ಮೇಲೆ ಮೊದಲ ಸಲ ಶುರುವಾದ ಹೊಟ್ಟೆ ತೊಂದರೆ. ಈ ಗುಳಿಗೆ ಇವನ್ನು ಕೆಲವು ತಿಂಗಳು ಮುಚ್ಚಿಡಬಲ್ಲದು, ಅದೇ ಅದರ ದೊಡ್ಡ ಅಪಾಯ.

ಮತ್ತೊಂದು, ಎದೆ. ಒಂದು ರಾತ್ರಿ ಒಂಬತ್ತೂವರೆ, ಅಂಗಡಿ ಮುಚ್ಚುವ ಹೊತ್ತು. ಐವತ್ತರ ಆಸುಪಾಸಿನ ಗುರುತಿನವರೇ ಬಂದು, “ಗ್ಯಾಸ್ ಎದಿಗೆ ಒತ್ತೇತ್ರಿ, ಈನೋ ಕೊಡ್ರಿ” ಅಂದರು. ಕೊಟ್ಟೆ. ಅವರು ಕೊಟ್ಟ ನೂರರ ನೋಟು ಪೂರ್ತಿ ಒದ್ದೆಯಾಗಿತ್ತು. ಹೊರಗೆ ಮಳೆ ಇರಲಿಲ್ಲ. ಆಗ ಮುಖ ನೋಡಿದೆ. ಚಿಲ್ಲರೆ ಕೊಡಲಿಲ್ಲ, ಶಟರ್ ಎಳೆದು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್. ಬದುಕಿದ್ದಾರೆ. ನೋಟು ಒಣಗಿದ್ದಿದ್ದರೆ ಮನೆಗೆ ಕಳಿಸಿರುತ್ತಿದ್ದೆ. ಬೆವರು, ಎಡಗೈಗೋ ದವಡೆಗೋ ಹಬ್ಬುವ ನೋವು, ನಡೆದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವುದು, ಏದುಸಿರು ಇದ್ದರೆ ಈನೋ ಕುಡಿದು ಕಾಯಬೇಡಿ. ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಬರೀ ಹೊಟ್ಟೆ ಮೇಲ್ಭಾಗದ ಸಂಕಟ, ಸುಸ್ತು ಇದ್ದರೂ ಸಾಕು. 108 ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಜಯದೇವದ ತಜ್ಞರಿಗೆ ತೋರಿಸುವ ಏರ್ಪಾಡು ಇದೆ. ಇಸಿಜಿ ಸರಿ ಇದ್ದು ಗ್ಯಾಸೇ ಆಗಿದ್ದರೆ ನಗುತ್ತಾ ಮನೆಗೆ ಬರೋಣ.

ಪ್ರಶ್ನೆಗಳಿಗೆ ಹೋಗೋಣ.

ಒಬ್ಬ ತಾಯಿ ಕೇಳಿದರು: “ಥೈರಾಯ್ಡ್ ಗುಳಿಗಿನೂ ಖಾಲಿ ಹೊಟ್ಟಿಗೆ, ಇದೂ ಖಾಲಿ ಹೊಟ್ಟಿಗೆ. ಯಾವ್ದು ಮೊದ್ಲು?”

ಒಳ್ಳೆಯ ಪ್ರಶ್ನೆ ಅಮ್ಮಾ. ಎದ್ದ ಕೂಡಲೇ ಥೈರಾಯ್ಡ್ ಗುಳಿಗೆ ನೀರಿನಲ್ಲಿ. ಅರ್ಧ ಗಂಟೆ ಬಿಟ್ಟು ಇದು, ಇನ್ನರ್ಧ ಗಂಟೆ ಬಿಟ್ಟು ತಿಂಡಿ. ಅಷ್ಟು ಕಾಯಲಾಗದಿದ್ದರೆ ಇದನ್ನು ರಾತ್ರಿ ಊಟದ ಮೊದಲು ಮಾಡಿಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ. ಆಮ್ಲ ಕಡಿಮೆಯಾದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದೂ ಕಡಿಮೆ. ಗ್ಯಾಸ್ ಗುಳಿಗೆ ಹೊಸದಾಗಿ ಶುರು ಮಾಡಿದವರು ಆರೆಂಟು ವಾರದಲ್ಲಿ ಥೈರಾಯ್ಡಿನ ರಕ್ತ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿಕೊಳ್ಳಿ. ಜೆಲುಸಿಲ್ ಆದರೆ ನಾಲ್ಕು ಗಂಟೆ ದೂರ ಇಡಿ.

“ತಣ್ಣನೆ ಹಾಲು ಕುಡಿದ್ರೆ ಸಾಕಲ್ವಾ ಸಾರ್?”

ಕುಡಿದ ಕೂಡಲೇ ಹಾಯೆನಿಸುತ್ತದೆ. ಆಮೇಲೆ ಹಾಲಿನ ಪ್ರೋಟೀನ್, ಕ್ಯಾಲ್ಸಿಯಂ ಮತ್ತೆ ಆಮ್ಲ ಊರಿಸುತ್ತವೆ. ಷಿಕಾಗೋದ ಬರ್ಟ್ರಂ ಸಿಪ್ಪಿ ಅನ್ನುವ ಡಾಕ್ಟರು 1915ರಲ್ಲಿ ಅಲ್ಸರ್‌ನವರಿಗೆ ಗಂಟೆಗೊಮ್ಮೆ ಹಾಲು, ಕೆನೆ, ಜೊತೆಗೆ ಕ್ಷಾರದ ಪುಡಿ ಕೊಡಿಸುತ್ತಿದ್ದರು. ದಶಕಗಟ್ಟಲೆ ಅದೇ ಚಿಕಿತ್ಸೆ ನಡೆಯಿತು. ಕೆಲವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಟ್ಟಿತು. ಅರ್ಧ ಲೋಟ ಹಾಲು ಕುಡಿಯಿರಿ, ಬೇಡ ಅನ್ನುವುದಿಲ್ಲ. ಅದನ್ನೇ ಔಷಧಿ ಅಂದುಕೊಳ್ಳಬೇಡಿ.

ಕೊನೆಗೆ ಮುಂದಿನ ಸಾಲಿನ ಯಜಮಾನರೊಬ್ಬರು ಎದ್ದು ನಿಂತರು. ಇಡೀ ಹೊತ್ತು ತಲೆ ಆಡಿಸುತ್ತಾ ಕೇಳಿದವರು. “ನಾನು ಐದು ವರ್ಷದಿಂದ ತಗಳ್ತಾ ಇದೀನ್ರಿ. ನೀವು ಹೇಳಿದ್ದು ಕೇಳಿ ನಾಳೆಯಿಂದಲೇ ಬಿಟ್ಟುಬಿಡ್ತೀನಿ.”

ಬೇರೆ ಏನು ಗುಳಿಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿದೆ. ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಎರಡು ಸ್ಟೆಂಟ್ ಹಾಕಿದೆ, ಆಸ್ಪಿರಿನ್, ಕ್ಲೊಪಿಡೋಗ್ರೆಲ್. ಮೂರು ವರ್ಷದ ಹಿಂದೆ ಒಮ್ಮೆ ಕಪ್ಪು ಮಲ ಹೋಗಿ ರಕ್ತ ಏರಿಸಿದ್ದೂ ಇದೆ.

ಯಜಮಾನ್ರೇ, ನೀವು ಬಿಡಬೇಡಿ ಅಂದೆ. ರಕ್ತ ತೆಳು ಮಾಡುವ ಎರಡು ಗುಳಿಗೆ, ಅದರ ಮೇಲೆ ಒಮ್ಮೆ ರಕ್ತಸ್ರಾವ ಆದ ಹೊಟ್ಟೆ. ನಿಮಗೆ ಇದು ಗ್ಯಾಸಿಗೆ ಕೊಟ್ಟದ್ದಲ್ಲ, ಕಾವಲಿಗೆ ಕೊಟ್ಟದ್ದು. ಶೀಟು ತೋರಿಸಿ ಅಂದೆ, ಪ್ಯಾಂಟೊಪ್ರಜೋಲ್ ಇತ್ತು. ಒಮೆಪ್ರಜೋಲ್, ಈಸೊಮೆಪ್ರಜೋಲ್ ಆಗಿದ್ದರೆ ಕ್ಲೊಪಿಡೋಗ್ರೆಲ್ ಕೆಲಸವನ್ನು ತಗ್ಗಿಸಬಹುದು, ಹಾಗಾಗಿ ಡಾಕ್ಟರು ನೋಡಿಯೇ ಕೊಟ್ಟಿದ್ದಾರೆ.

“ಹಂಗಾದ್ರೆ ಇಷ್ಟೊತ್ತು ನೀವು ಹೇಳಿದ್ದು ನನಗಲ್ಲ ಬಿಡ್ರಿ” ಅಂದರು. ಎಲ್ಲರೂ ನಕ್ಕರು.

ತಿಂಡಿ ಯಾವಾಗ ತಿನ್ನುತ್ತೀರಿ ಅಂದೆ. ಗುಳಿಗೆ ಏಳಕ್ಕೆ, ತಿಂಡಿ ಹತ್ತೂವರೆಗೆ ಅಂದರು. ಹಾಗಾದರೆ ಗುಳಿಗೆ ಹತ್ತು ಗಂಟೆಗೆ ಮಾಡಿಕೊಳ್ಳಿ, ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸುವಾಗ ಬಿ12 ಸೇರಿಸಿ ಅಂತ ಕೇಳಿ ಅಂದೆ. ಕವರಿನ ಮೇಲೆ ಬರೆದುಕೊಡಿ ಅಂತ ಪೆನ್ನು ಚಾಚಿದರು.